ಯಾವ ಎತ್ತರ, ಯಾರ ನಾರ್ಮಲ್?

ಮುಂಬಯಿಯ ಕನ್ನಡ ಬಳಗಗಳಲ್ಲಿ ಒಂದು ಮಾತು ವಾದವೇ ಇಲ್ಲದೆ ಗೆದ್ದುಬಿಟ್ಟಿದೆ: "ಕಥೆ, ಕವಿತೆ, ಯಕ್ಷಗಾನಕ್ಕೆ ಕನ್ನಡ ಸಾಕು ಮಾರಾಯ್ರೇ. ಟೆಕ್ನಿಕಲ್ ವಿಷಯ ಅಂದಮೇಲೆ ಇಂಗ್ಲಿಷೇ ಬೇಕು. ಕನ್ನಡದ ಪದಗಳಿಗೆ ಖಚಿತವಾದ ಅರ್ಥ ಎಲ್ಲಿದೆ?" ಹೀಗೆ ಹೇಳುವವರು ಕನ್ನಡದ ವೈರಿಗಳಲ್ಲ. ಸಂಘಗಳಿಗೆ ಚಂದಾ ಕೊಡುವವರು, ನಾಟಕಕ್ಕೆ ಟಿಕೆಟ್ ಕೊಂಡು ಬರುವವರು, ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸುವವರು. ವೃತ್ತಿಯಲ್ಲಿ ಎಂಜಿನಿಯರುಗಳು, ಡಾಕ್ಟರುಗಳು, ಲೆಕ್ಕಪರಿಶೋಧಕರು. ಹಾಗಾಗಿ ಅವರ ಮಾತಿಗೆ ತೂಕ ಬಂದಿದೆ. ಅದನ್ನು ಸುಮ್ಮನೆ ಬಿಡಲಾಗದ್ದೂ ಅದಕ್ಕೇ.

ಆ ಮಾತಿನ ಕೆಳಗೆ ಒಂದು ನಂಬಿಕೆ ಕೂತಿದೆ. ಇಂಗ್ಲಿಷಿನ ತಾಂತ್ರಿಕ ಪದಕ್ಕೆ ಒಂದೇ ಅರ್ಥ, ಎಲ್ಲ ಕ್ಷೇತ್ರದಲ್ಲೂ ಅದೇ ಅರ್ಥ. ಕನ್ನಡದ ಪದ ಮಾತ್ರ ಕೈಯಿಂದ ಜಾರುತ್ತದೆ ಎಂಬ ನಂಬಿಕೆ. ವೃತ್ತಿಜೀವನವಿಡೀ ಇಂಗ್ಲಿಷಿನಲ್ಲೇ ಪ್ರಾಜೆಕ್ಟುಗಳನ್ನು ನಡೆಸಿದವನಾಗಿ ಹೇಳುತ್ತೇನೆ, ಈ ನಂಬಿಕೆಗೆ ಆಧಾರವಿಲ್ಲ. ತಾಂತ್ರಿಕ ಪದ ಯಾವ ಭಾಷೆಯದ್ದೇ ಆಗಲಿ, ಕ್ಷೇತ್ರದಿಂದ ಕ್ಷೇತ್ರಕ್ಕೆ ಅರ್ಥ ಬದಲಿಸುತ್ತದೆ. ಖಚಿತತೆ ಬರುವುದು ಆ ಕ್ಷೇತ್ರ ಕೊಟ್ಟ ವ್ಯಾಖ್ಯೆಯಿಂದ, ಅಳತೆಯ ಕ್ರಮದಿಂದ.

ದೂರ ಹೋಗಬೇಕಿಲ್ಲ, ವಿಲೆ ಪಾರ್ಲೆಯಲ್ಲೇ ನೋಡೋಣ. ಒಂದು ಕಡೆ ಛತ್ರಪತಿ ಶಿವಾಜಿ ಮಹಾರಾಜ ವಿಮಾನ ನಿಲ್ದಾಣ, ಇನ್ನೊಂದು ಕಡೆ 1928ರಷ್ಟು ಹಳೆಯ ಜುಹೂ ವಿಮಾನ ನಿಲ್ದಾಣ, ನಡುವೆ ನಾವು. ಮೂರು ನಾಲ್ಕು ಮಹಡಿಯ ಹಳೆಯ ಸೊಸೈಟಿಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಪ್ರತಿ ಸೊಸೈಟಿಯ ಸಭೆಯಲ್ಲೂ ಮೊದಲ ಪ್ರಶ್ನೆ ಒಂದೇ: ಎಷ್ಟು ಎತ್ತರ ಸಿಗುತ್ತದೆ? ಎತ್ತರ ಅನ್ನುವುದು ಮಗುವಿಗೂ ಗೊತ್ತಿರುವ ಪದ. ಅದರಲ್ಲಿ ಗೊಂದಲ ಎಲ್ಲಿಂದ ಬಂತು ಅನ್ನಬಹುದು.

ವಿಮಾನ ನಿಲ್ದಾಣ ಪ್ರಾಧಿಕಾರ ಕೊಡುವ ಎನ್‌ಒಸಿಯಲ್ಲಿ ಬರೆದ ಎತ್ತರವನ್ನು ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದ. ಪೈಲಟ್ಟಿಗೆ ನಿಮ್ಮ ಕಂಪೌಂಡಿನ ನೆಲ ಎಲ್ಲಿದೆ ಎಂಬುದರ ಹಂಗಿಲ್ಲ. ಅಡಚಣೆಯ ತುದಿ ಆಕಾಶದಲ್ಲಿ ಎಲ್ಲಿ ಬರುತ್ತದೆ ಎಂಬುದಷ್ಟೇ ಬೇಕು. ಹಾಗಾಗಿ ನೀರಿನ ಟ್ಯಾಂಕು, ಲಿಫ್ಟಿನ ಯಂತ್ರದ ಕೋಣೆ, ಆಂಟೆನಾ, ಸಿಡಿಲು ಕಂಬಿ ಎಲ್ಲವೂ ಆ ಲೆಕ್ಕದೊಳಗೆ. ಮಹಾನಗರಪಾಲಿಕೆಗೆ ಎತ್ತರವೆಂದರೆ ಕಟ್ಟಡದ ಸುತ್ತಲಿನ ನೆಲದಿಂದ ಮೇಲಕ್ಕೆ. ಪಾಲಿಕೆಯ ಕಾಗದಗಳಲ್ಲೇ ನೆಲದ ಮಟ್ಟದ ವಿಷಯ ಬಂದಾಗ ಮೂರನೆಯ ಎತ್ತರವೊಂದು ಕಾಣಿಸುತ್ತದೆ: ಟೌನ್ ಹಾಲ್ ಡೇಟಮ್. ಕೋಟೆ ಪ್ರದೇಶದಲ್ಲಿ ಏಷ್ಯಾಟಿಕ್ ಸೊಸೈಟಿ ಇರುವ ಹಳೆಯ ಟೌನ್ ಹಾಲನ್ನು ಗುರುತಾಗಿಟ್ಟುಕೊಂಡು ಬ್ರಿಟಿಷರ ಕಾಲದಿಂದ ಬಂದ ಅಳತೆ ಅದು. ತಗ್ಗಿನ ನಿವೇಶನವನ್ನು ಕನಿಷ್ಠ 92 ಅಡಿ ಟೌನ್ ಹಾಲ್ ಡೇಟಮ್‌ನಷ್ಟಕ್ಕೆ ಮಣ್ಣು ತುಂಬಿ ಏರಿಸಬೇಕು ಎಂಬ ಷರತ್ತು ಪಾಲಿಕೆಯ ಮಂಜೂರಾತಿ ಕಾಗದಗಳಲ್ಲಿ ಮಾಮೂಲು. 92 ಅಡಿ ಮಣ್ಣು ಸುರಿಯಬೇಕೆಂದು ಯಾರೂ ಗಾಬರಿಯಾಗಬೇಕಿಲ್ಲ. ಆ ಅಳತೆಯ ಸೊನ್ನೆ ನಾವು ನಿಂತ ನೆಲಕ್ಕಿಂತ ಬಹಳ ಕೆಳಗಿದೆ.

ನಾಲ್ಕನೆಯದೂ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ 'ಹೈ ರೈಸ್'. ಅಂದರೆ ಸುಮಾರು ಐದು ಮಹಡಿ. ಗಗನಚುಂಬಿಗಳ ಜಾಗತಿಕ ಪಟ್ಟಿ ಮಾಡುವ ಮಂಡಳಿಗೆ 300 ಮೀಟರ್ ದಾಟದಿದ್ದರೆ ಅದು 'ಸೂಪರ್‌ಟಾಲ್' ಅಲ್ಲ. ಅವರು ಶಿಖರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಆಂಟೆನಾವನ್ನು ಬಿಡುತ್ತಾರೆ. ವಿಮಾನದವರು ಆಂಟೆನಾವನ್ನು ಬಿಡುವುದೇ ಇಲ್ಲ.

ಇದು ಪಂಡಿತರ ಕಸರತ್ತು ಅನ್ನಬೇಡಿ, ಇದರಲ್ಲಿ ಜನರ ಮನೆಗಳಿವೆ. ಒಂದು ಲೆಕ್ಕ ಹಾಕಿ. ಎನ್‌ಒಸಿಯಲ್ಲಿ 60 ಮೀಟರ್ ಎಂದಿದೆ ಅಂದುಕೊಳ್ಳಿ. ಮಹಡಿಗೆ 3 ಮೀಟರಿನಂತೆ ಭಾಗಿಸಿದ ಸದಸ್ಯರಿಗೆ 20 ಮಹಡಿ ಕಾಣುತ್ತದೆ. ನಿವೇಶನವೇ ಸಮುದ್ರಮಟ್ಟದಿಂದ 6 ಮೀಟರ್ ಮೇಲಿದ್ದರೆ ಉಳಿದದ್ದು 54. ತಾರಸಿಯ ಟ್ಯಾಂಕು, ಲಿಫ್ಟಿನ ಕೋಣೆ, ಕಂಬಿಗಳಿಗೆ 6 ಹೋದರೆ 48. ಈಗ 16 ಮಹಡಿ. ಕಳೆದುಹೋದ ನಾಲ್ಕು ಮಹಡಿಗಳಲ್ಲಿ ಯಾರದೋ ಹೆಚ್ಚುವರಿ ಕೋಣೆ, ಸೊಸೈಟಿಗೆ ಬರಬೇಕಿದ್ದ ಕಾರ್ಪಸ್ ಹಣ ಎಲ್ಲ ಸೇರಿರುತ್ತದೆ. ಸಭೆ ಇಂಗ್ಲಿಷಿನಲ್ಲೇ ನಡೆದಿರುತ್ತದೆ, 'ಹೈಟ್' ಎಂಬ ಪದವನ್ನೇ ಎಲ್ಲರೂ ಬಳಸಿರುತ್ತಾರೆ. ಆ ಇಂಗ್ಲಿಷ್ ಪದ ಯಾರನ್ನೂ ಕಾಪಾಡುವುದಿಲ್ಲ. ಕಾಪಾಡುವುದು ಒಂದು ಪ್ರಶ್ನೆ: ಎಲ್ಲಿಂದ ಎಲ್ಲಿಯವರೆಗಿನ ಎತ್ತರ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೂ ಅಷ್ಟೇ ಖಚಿತವಾದ ಉತ್ತರ ಬರುತ್ತದೆ.

ಎತ್ತರವೊಂದೇ ಹೀಗೆ ಅಂದುಕೊಂಡರೆ 'ಮೆಟಲ್' ನೋಡಿ. ರಸಾಯನಶಾಸ್ತ್ರದವರಿಗೆ ಆಮ್ಲಜನಕ ಲೋಹವಲ್ಲ. ಖಗೋಳಶಾಸ್ತ್ರದವರಿಗೆ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಮೆಟಲ್, ಆಮ್ಲಜನಕವೂ ಸೇರಿ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರನಿಗೆ ಮೆಟಲ್ ಅಂದರೆ ಜಲ್ಲಿಕಲ್ಲು. 'ಮೆಟಲ್ ರೋಡಿ'ನಲ್ಲಿ ಲೋಹದ ಚೂರೂ ಇರುವುದಿಲ್ಲ. ಮೂವರೂ ಇಂಗ್ಲಿಷ್ ಪದವನ್ನೇ ಬಳಸುತ್ತಿದ್ದಾರೆ, ತಮ್ಮ ತಮ್ಮ ಜಾಗದಲ್ಲಿ ಮೂವರೂ ಸರಿ.

ನಮ್ಮ ಐಟಿ ಕಚೇರಿಗಳಿಗೆ ಬನ್ನಿ. ಭೌತಶಾಸ್ತ್ರದಲ್ಲಿ 'ವೆಲಾಸಿಟಿ'ಗೆ ದಿಕ್ಕು ಇರಲೇಬೇಕು. ಸ್ಕ್ರಮ್ ತಂಡದಲ್ಲಿ ವೆಲಾಸಿಟಿ ಅಂದರೆ ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಸ್ಟೋರಿ ಪಾಯಿಂಟುಗಳ ಮೊತ್ತ. ಅದಕ್ಕೆ ದಿಕ್ಕೂ ಇಲ್ಲ, ಮೀಟರೂ ಇಲ್ಲ. ಒಂದು ತಂಡದ ಪಾಯಿಂಟನ್ನು ಇನ್ನೊಂದು ತಂಡದ ಪಾಯಿಂಟಿನ ಜೊತೆ ಹೋಲಿಸಲೂ ಬರುವುದಿಲ್ಲ. 'ರಿಗ್ರೆಷನ್' ಅಂದರೆ ಟೆಸ್ಟಿಂಗ್ ತಂಡಕ್ಕೆ ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದೆಯೇ ಎಂದು ನೋಡುವ ಕೆಲಸ. ಪಕ್ಕದ ಮೇಜಿನ ಡೇಟಾ ಸೈಂಟಿಸ್ಟಿಗೆ ಅದು ಚಲಕಗಳ ನಡುವಿನ ಸಂಬಂಧ ಅಂದಾಜಿಸುವ ವಿಧಾನ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆ ತಾಯಿಯ ಎತ್ತರವನ್ನು ಮಕ್ಕಳ ಎತ್ತರದ ಜೊತೆ ಹೋಲಿಸಿ ಬರೆದ ಪ್ರಬಂಧದಿಂದ ಬಂದ ಹೆಸರು. ಮನಶ್ಶಾಸ್ತ್ರಜ್ಞರಿಗೆ ಅದು ದೊಡ್ಡವರು ಮಕ್ಕಳಂತೆ ವರ್ತಿಸತೊಡಗುವ ಸ್ಥಿತಿ. "ರಿಗ್ರೆಷನ್ ರನ್ ಮಾಡಿದ್ರಾ?" ಎಂದು ಮೀಟಿಂಗಿನಲ್ಲಿ ಕೇಳಿದರೆ ಇಬ್ಬರು ಎರಡು ಬೇರೆ ಕೆಲಸಗಳ ವರದಿ ಕೊಡಬಲ್ಲರು.

ಇನ್ನು 'ನಾರ್ಮಲ್'. ರೇಖಾಗಣಿತದಲ್ಲಿ ಲಂಬ. ಸಂಖ್ಯಾಶಾಸ್ತ್ರದಲ್ಲಿ ಗಂಟೆಯಾಕಾರದ ಒಂದು ಹಂಚಿಕೆ. ರಸಾಯನಶಾಸ್ತ್ರದಲ್ಲಿ ದ್ರಾವಣದ ಪ್ರಬಲತೆಯ ಒಂದು ಅಳತೆ. ಹೆರಿಗೆ ವಾರ್ಡಿನಲ್ಲಿ ಸಿಸೇರಿಯನ್ ಆಗದ ಹೆರಿಗೆ. ಹವಾಮಾನ ಇಲಾಖೆಗೆ ಇಡೀ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96ರಿಂದ 104ರೊಳಗಿದ್ದರೆ ನಾರ್ಮಲ್. ಅದೇ ಇಲಾಖೆಗೆ ಒಂದು ಜಿಲ್ಲೆಯ ಮಳೆ ಶೇ 19ರಷ್ಟು ಕಮ್ಮಿಯಾದರೂ, ಶೇ 19ರಷ್ಟು ಹೆಚ್ಚಾದರೂ ನಾರ್ಮಲ್. ಒಂದೇ ಇಲಾಖೆಯೊಳಗೆ ಎರಡು ನಾರ್ಮಲ್. ಇಷ್ಟೆಲ್ಲ ಇದ್ದೂ ಇಂಗ್ಲಿಷ್ 'ತಾಂತ್ರಿಕ ವಿಷಯಕ್ಕೆ ಅನರ್ಹ' ಅಂತ ಯಾರೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಪ್ರತಿ ಕ್ಷೇತ್ರವೂ ತನ್ನ ನಾರ್ಮಲ್ ಯಾವುದೆಂದು ಬರೆದಿಟ್ಟುಕೊಂಡಿದೆ.

ಬರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ 'ಕಾರ್ಪೆಟ್ ಏರಿಯಾ' ಸಾಕ್ಷಿ. ಬಿಲ್ಟ್ ಅಪ್, ಸೂಪರ್ ಬಿಲ್ಟ್ ಅಪ್ ಎಂದು ಮನೆಯ ವಿಸ್ತೀರ್ಣವನ್ನು ಬಾಯಿಗೆ ಬಂದಂತೆ ಹೇಳುತ್ತಿದ್ದ ಪೇಟೆಯಲ್ಲಿ 2016ರ ರೇರಾ ಕಾಯ್ದೆ ಗೆರೆ ಎಳೆಯಿತು: ಹೊರಗೋಡೆ, ಸರ್ವಿಸ್ ಶಾಫ್ಟ್, ಬಾಲ್ಕನಿ, ತೆರೆದ ತಾರಸಿ ಹೊರಗೆ, ಒಳಗಿನ ವಿಭಜನಾ ಗೋಡೆ ಲೆಕ್ಕದೊಳಗೆ. ಈ ವ್ಯಾಖ್ಯೆಯಲ್ಲಿ ರತ್ನಗಂಬಳಿಯ ಸುದ್ದಿಯೇ ಇಲ್ಲ. ಪದ ಅದೇ ಹಳೆಯದು. ಕೊಳ್ಳುವವನ ಕೈಗೆ ಬಲ ಬಂದದ್ದು ವ್ಯಾಖ್ಯೆಯಿಂದ. ಅದನ್ನು 'ಒಳಹಾಸು ವಿಸ್ತೀರ್ಣ' ಎಂದು ಕರೆದು ಇದೇ ವ್ಯಾಖ್ಯೆ ಕೊಟ್ಟರೂ ಒಂದು ಚದರಡಿಯೂ ವ್ಯತ್ಯಾಸವಾಗುವುದಿಲ್ಲ.

ಹಾಗಿದ್ದರೆ ಕನ್ನಡಕ್ಕೆ ಈ ಶಕ್ತಿ ಇದೆಯೇ? ಮುಂಬಯಿಯ ಯಾವುದೇ ಉಡುಪಿ ಹೋಟೆಲಿನ ಅಡುಗೆಮನೆಗೆ ಹೋಗಿ ಕೇಳಿ. 'ಒಂದೆಳೆ ಪಾಕ', 'ಎರಡೆಳೆ ಪಾಕ' ಅಂದರೆ ಬೆರಳುಗಳ ನಡುವೆ ಹಿಡಿದು ಎಳೆದಾಗ ಎಷ್ಟು ಎಳೆ ಬರುತ್ತದೆ ಎಂಬ ಪರೀಕ್ಷೆ. ಅಳತೆಯ ಕ್ರಮವೇ ಹೆಸರಿನೊಳಗಿದೆ. ಥರ್ಮಾಮೀಟರ್ ಇಲ್ಲದ ಕಾಲದಿಂದ ಭಟ್ಟರ ಕೈಯಿಂದ ಕೈಗೆ ತಪ್ಪದೆ ದಾಟಿ ಬಂದ ತಾಂತ್ರಿಕ ಪದ ಅದು. 'ಹದ'ವನ್ನು ನೋಡಿ. ರೈತನಿಗೆ ಬಿತ್ತನೆಗೆ ಒದಗಿದ ಮಣ್ಣಿನ ತೇವ, ಚರ್ಮ ಹದ ಮಾಡುವವನಿಗೆ ಒಂದು ಸಂಸ್ಕರಣ, ಅಡುಗೆಯವನಿಗೆ ಹಿಟ್ಟಿನ ಮಂದ. ಹದ ಎಂಬ ಪದಕ್ಕೆ ಹಲವು ಅರ್ಥವಿದೆಯೆಂದು ಯಾವ ರೈತನೂ ಬಿತ್ತನೆ ನಿಲ್ಲಿಸಿಲ್ಲ.

ಹೊಸ ವಿದ್ಯೆಗಳಲ್ಲೂ ಕನ್ನಡ ಸೋತು ಕೂತಿಲ್ಲ. 'ಡಿಪ್ರೆಷನ್' ಎಂಬ ಒಂದೇ ಇಂಗ್ಲಿಷ್ ಪದವನ್ನು ನಮ್ಮ ಪತ್ರಿಕೆಗಳು ಹವಾಮಾನದಲ್ಲಿ ವಾಯುಭಾರ ಕುಸಿತ ಎಂದೂ, ಮನೋವೈದ್ಯದಲ್ಲಿ ಖಿನ್ನತೆ ಎಂದೂ, ಅರ್ಥಶಾಸ್ತ್ರದಲ್ಲಿ ಆರ್ಥಿಕ ಮಹಾಕುಸಿತ ಎಂದೂ ಬಿಡಿಸಿ ಹೇಳುತ್ತವೆ. ಹವಾಮಾನದ 'ನಾರ್ಮಲ್'ಗೆ 'ವಾಡಿಕೆ ಮಳೆ' ಎಂದ ಯಾರೋ ಹೆಸರಿಲ್ಲದ ಉಪಸಂಪಾದಕರಿಗೆ ನಾನು ಕೈಮುಗಿಯುತ್ತೇನೆ. ದೀರ್ಘಕಾಲದ ಸರಾಸರಿ ಎಂಬ ಅರ್ಥ 'ವಾಡಿಕೆ'ಯಲ್ಲಿ ತಾನಾಗಿ ಬಂದು ಕೂತಿದೆ. ಇಂಗ್ಲಿಷ್ ಪದದಲ್ಲಿ ಆ ಸುಳಿವೂ ಇಲ್ಲ. ಕರ್ನಾಟಕದ ಶಾಲಾ ಪಠ್ಯಗಳು 'ಜವ' ಮತ್ತು 'ವೇಗ'ವನ್ನು ಬೇರ್ಪಡಿಸುತ್ತವೆ. ದಿಕ್ಕು ಇರುವುದು ವೇಗಕ್ಕೆ. ರೇಖಾಗಣಿತದ 'ಅಕ್ಯೂಟ್' ಕೋನ ನಮಗೆ ಲಘುಕೋನ, ವೈದ್ಯರ 'ಅಕ್ಯೂಟ್' ಕಾಯಿಲೆ ತೀವ್ರ. ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಲಘು ಮತ್ತು ತೀವ್ರ ಎಂಬ ಎರಡು ತುದಿಗಳು! ಅನುವಾದಕರು ಪದವನ್ನು ಬಿಟ್ಟು ಕ್ಷೇತ್ರವನ್ನು ನೋಡಿದ್ದರ ಫಲ ಇದು.

ಆದರೆ ಕ್ಷೇತ್ರವನ್ನು ನೋಡದೆ ಹೋದಾಗ ಕನ್ನಡ ಎಡವಿದ್ದೂ ಉಂಟು, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ಅದೇ 'ತೀವ್ರ'ವನ್ನು ನೋಡಿ. ವೈದ್ಯರಿಗೆ 'ಅಕ್ಯೂಟ್' ಅಂದರೆ ಹಠಾತ್ತಾಗಿ ಬಂದದ್ದು, 'ಕ್ರಾನಿಕ್' ಅಂದರೆ ಬಹುಕಾಲ ಉಳಿಯುವುದು. ಎರಡಕ್ಕೂ ಕಾಯಿಲೆಯ ಗಂಭೀರತೆಗೂ ನೇರ ಸಂಬಂಧವಿಲ್ಲ. ಗಂಭೀರತೆಗೆ 'ಸಿವಿಯರ್' ಎಂಬ ಬೇರೆ ಪದವಿದೆ. 2020ರ ಕೋವಿಡ್ ಕಾಲದಲ್ಲಿ 'ಸಾರಿ' ಎಂಬ ಸಂಕ್ಷಿಪ್ತ ಹೆಸರಿನೊಳಗೆ ಸಿವಿಯರ್ ಕೂಡ ಇತ್ತು, ಅಕ್ಯೂಟ್ ಕೂಡ ಇತ್ತು. ಕನ್ನಡದ ಪ್ರಕಟಣೆಗಳಲ್ಲಿ ಅದು 'ತೀವ್ರ ಉಸಿರಾಟದ ತೊಂದರೆ' ಆಯಿತು. ಎರಡು ಬೇರೆ ಮಾಹಿತಿಗಳು ಒಂದೇ ಪದದಲ್ಲಿ ಕರಗಿಹೋದವು. ಫ್ಲೂ ಮಾದರಿಯ ಜ್ವರಕ್ಕೆ 'ವಿಷಮಶೀತ ಜ್ವರ' ಎಂಬ ಹೆಸರು ಬಿತ್ತು. ನಮ್ಮ ಹಿರಿಯರ ತಲೆಯಲ್ಲಿ ಆ ಹೆಸರು ಟೈಫಾಯಿಡಿಗೆ ಅಂಟಿಕೊಂಡಿತ್ತು. ಊರಲ್ಲಿ ಒಂಟಿಯಾಗಿದ್ದ ಅಪ್ಪ ಅಮ್ಮಂದಿರಿಗೆ ಮುಂಬಯಿಯಿಂದ ಫೋನಿನಲ್ಲೇ ಧೈರ್ಯ ಹೇಳಬೇಕಾಗಿದ್ದ ನಮ್ಮಂಥವರಿಗೆ ಈ ಗೊಂದಲದ ಬೆಲೆ ಗೊತ್ತು. ಕರಾವಳಿಯ ಮೀನುಗಾರರಿಗೂ ಗೊತ್ತಿರಬೇಕು: ಹವಾಮಾನ ಇಲಾಖೆ ಗಾಳಿಯ ಬಲ ನೋಡಿ ಬೇರೆ ಬೇರೆ ಮೆಟ್ಟಿಲುಗಳಲ್ಲಿಡುವ 'ಲೋ ಪ್ರೆಷರ್' ಮತ್ತು 'ಡಿಪ್ರೆಷನ್' ಎರಡೂ ಕನ್ನಡ ಸುದ್ದಿಯಲ್ಲಿ ಎಷ್ಟೋ ಸಲ ಒಂದೇ 'ವಾಯುಭಾರ ಕುಸಿತ'.

ಇದನ್ನು ನೋಡಿ "ಅದಕ್ಕೇ ಹೇಳಿದ್ದು, ಕನ್ನಡದಲ್ಲಿ ಆಗುವುದಿಲ್ಲ" ಎನ್ನುವುದು ಸುಲಭ. ಆದರೆ 'ಹಠಾತ್ ಗಂಭೀರ ಉಸಿರಾಟದ ಸೋಂಕು' ಎಂದು ಬರೆಯಲು ಕನ್ನಡದಲ್ಲಿ ಯಾವ ಅಡ್ಡಿಯಿತ್ತು? ಪದಗಳು ಇದ್ದವು. ವೈದ್ಯಕೀಯದಲ್ಲಿ ಈ ಎರಡು ಪದಗಳು ಬೇರೆ ಬೇರೆ ಎಂದು ತಿಳಿದು ಬರೆಯುವವರು ಆ ಕುರ್ಚಿಯಲ್ಲಿ ಇರಲಿಲ್ಲ, ಅಥವಾ ಅವರಿಗೆ ಸಮಯ ಇರಲಿಲ್ಲ.

ಇಲ್ಲಿ ನನ್ನ ಜಗಳ ಇನ್ನೊಂದು ಗುಂಪಿನ ಜೊತೆಗೂ ಇದೆ. ಅದು ಪದಪಟ್ಟಿಯವರ ಗುಂಪು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಸಾಲಿಗೊಂದು ಪದ. ಬಲಗಡೆಯ ಪದ ಸಂಸ್ಕೃತದ್ದಿರಬೇಕೋ ಅಚ್ಚಗನ್ನಡದ್ದಿರಬೇಕೋ ಎಂದು ವರ್ಷಗಟ್ಟಲೆ ಕಾದಾಟ. ಎರಡೂ ಬಣಗಳು ಒಂದು ವಿಷಯದಲ್ಲಿ ಮಾತಿಲ್ಲದೆ ಒಪ್ಪಿಕೊಂಡಿವೆ: ಎಡಗಡೆಯ ಪದಕ್ಕೆ ಒಂದೇ ಅರ್ಥ ಎಂದು. 'ಚಾರ್ಜ್' ಎಂಬ ಪದದೆದುರು ನೀವು ಏನು ಬರೆಯುತ್ತೀರಿ? ಬ್ಯಾಂಕಿನ ಶುಲ್ಕವೇ, ಕೋರ್ಟಿನ ಆರೋಪವೇ, ಭೌತಶಾಸ್ತ್ರದ ಆವೇಶವೇ, ಅಡವಿಟ್ಟ ಆಸ್ತಿಯ ಮೇಲಿನ ಋಣಭಾರವೇ? ಒಂದನ್ನು ಆರಿಸಿದರೆ ಮೂರು ಕಡೆ ತಪ್ಪು. 'ಪವರ್' ಗಣಿತದಲ್ಲಿ ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ರಾಜಕೀಯದಲ್ಲಿ ಅಧಿಕಾರ. ಈಗ ಇದೇ ಪಟ್ಟಿಗಳು ಅನುವಾದ ತಂತ್ರಾಂಶಗಳ ಹೊಟ್ಟೆಗೆ ಹೋಗುತ್ತಿವೆ. ಆ್ಯಪುಗಳ ಕನ್ನಡ ಪರದೆ ನೋಡಿ ನಗುವ ಮೊದಲು, ಆ ತಪ್ಪನ್ನು ಕಲಿಸಿಕೊಟ್ಟ ಅಭ್ಯಾಸ ಯಾವುದೆಂದು ಯೋಚಿಸಬೇಕು.

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸವೂ ಇತ್ತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ತಂದರು. ಪದಕೋಶ ಸಿದ್ಧವಾಗಲಿ, ಆಮೇಲೆ ಬರೆಯೋಣ ಎಂದು ಕಾಯಲಿಲ್ಲ. ಬರೆಯುತ್ತ ಪದ ಹುಡುಕಿದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು ಬರೆದದ್ದೂ ಹಾಗೆಯೇ. ಕೇಂದ್ರ ಸರ್ಕಾರ 1961ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವೂ ವಿಷಯಕ್ಕೊಂದರಂತೆ ಬೇರೆ ಬೇರೆ ಪದಕೋಶಗಳನ್ನು ತಂದಿದೆ. ಅರ್ಥ ಕ್ಷೇತ್ರವನ್ನು ಅವಲಂಬಿಸಿದೆ ಎಂಬ ಒಪ್ಪಿಗೆ ಅದರಲ್ಲೇ ಇದೆ. ನಮ್ಮದೇ ಮುಂಬಯಿಯಲ್ಲಿ ಯಶವಂತ ಚಿತ್ತಾಲರು ಹಗಲೆಲ್ಲ ಪಾಲಿಮರ್ ತಂತ್ರಜ್ಞರಾಗಿ ದುಡಿದು ಕನ್ನಡದಲ್ಲಿ ಬರೆದರು. ಕಾರ್ಖಾನೆ, ಕಂಪನಿ, ರಾಸಾಯನಿಕಗಳ ಲೋಕ ಅವರ ಕನ್ನಡಕ್ಕೆ ಭಾರವಾಗಲಿಲ್ಲ.

"ಸರಿ, ಆದರೆ ನಮ್ಮ ಮಕ್ಕಳಿಗೆ ಕೆಲಸ ಸಿಗುವುದು ಇಂಗ್ಲಿಷಿನಲ್ಲಿ ತಾನೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೌದು, ನನಗೂ ಸಂಬಳ ಬರುವುದು ಇಂಗ್ಲಿಷಿನಿಂದಲೇ. ಎಐಸಿಟಿಇ 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ನಮ್ಮಲ್ಲಿ ಎಷ್ಟು ಜನ ನಕ್ಕರು ಎಂಬುದೂ ನೆನಪಿದೆ. ಎಲ್ಲರೂ ಕನ್ನಡದಲ್ಲೇ ಎಂಜಿನಿಯರಿಂಗ್ ಓದಲಿ ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಜವಕ್ಕೂ ವೇಗಕ್ಕೂ ವ್ಯತ್ಯಾಸವೇನೆಂದು ಕನ್ನಡದಲ್ಲಿ ತಿಳಿದು ಬಂದ ಹುಡುಗಿಗೆ ಇಂಗ್ಲಿಷಿನ ಎರಡು ಹೆಸರು ಕಲಿಯಲು ಒಂದು ದಿನ ಸಾಕು. ಹೆಸರನ್ನಷ್ಟೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬಂದವನಿಗೆ ವ್ಯತ್ಯಾಸ ಕಲಿಯಲು ಇಡೀ ಡಿಗ್ರಿ ಸಾಲದೆ ಹೋಗಬಹುದು. ಇಂಟರ್‌ವ್ಯೂ ಟೇಬಲಿನ ಈಚೆ ಬದಿಯಲ್ಲಿ ಕೂತು ಎರಡೂ ಬಗೆಯವರನ್ನು ನೋಡಿದ್ದೇನೆ. ಗಟ್ಟಿಯಾಗಿ ಇಂಗ್ಲಿಷ್ ಪದ ಉಚ್ಚರಿಸುವವರನ್ನು "ಅದರ ಅರ್ಥ ಹೇಳಿ" ಎಂದು ಕೇಳಿದಾಗ ಬರುವ ಮೌನ ನನಗೆ ಚೆನ್ನಾಗಿ ಪರಿಚಿತ.

ಇಂಗ್ಲಿಷ್ ಪದ ಬಳಸಲೇಬಾರದು ಎಂಬ ಹಟವೂ ನನಗಿಲ್ಲ. 'ಹೈಡ್ರೋಜನ್', 'ವೋಲ್ಟ್', 'ಸರ್ವರ್' ಹಾಗೇ ಇರಲಿ. ಆದರೆ ಆಮದು ಮಾಡಿದ ಪದದ ಜೊತೆ ಅದರ ಕ್ಷೇತ್ರವನ್ನೂ ವ್ಯಾಖ್ಯೆಯನ್ನೂ ಆಮದು ಮಾಡಬೇಕು. 'ಅತ್ಯಂತ ಭಾರಿ ಮಳೆ' ಎಂದು ಬರೆದರೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಹೆಚ್ಚು ಎಂದು ಜೊತೆಗೇ ಬರೆಯಿರಿ. 2005ರ ಜುಲೈ 26ರಂದು ನಮ್ಮ ಪಕ್ಕದ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಬಿದ್ದ 944 ಮಿಲಿಮೀಟರ್ ಕೂಡ ಅದೇ ವರ್ಗದೊಳಗೆ ಬರುತ್ತದೆ. ಆ ದಿನ ಇದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 73. ಮುಂಬಯಿಯ ಹಳೆಯ ಚರಂಡಿಗಳ ವಿನ್ಯಾಸ ಗಂಟೆಗೆ 25 ಮಿಲಿಮೀಟರಿನ ಮಳೆಗೆ. ಈ ಸಂಖ್ಯೆಗಳಿಲ್ಲದೆ 'ಭಾರಿ' ಎಂಬ ಪದವಾಗಲಿ 'ಹೆವಿ' ಎಂಬ ಪದವಾಗಲಿ ನೀರು ಎಲ್ಲಿಯವರೆಗೆ ಏರಬಹುದೆಂದು ಯಾರಿಗೂ ತಿಳಿಸುವುದಿಲ್ಲ.

ಆದ್ದರಿಂದ ಈ ಪತ್ರಿಕೆಯ ಓದುಗರಾದ ಎಂಜಿನಿಯರ್, ಡಾಕ್ಟರ್, ವಕೀಲ, ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ವೃತ್ತಿಯಲ್ಲಿ ಹೊರಗಿನವರನ್ನು ದಾರಿ ತಪ್ಪಿಸುವ ಒಂದು ಪದ ಆರಿಸಿ. ನಿಮ್ಮ ಕ್ಷೇತ್ರದಲ್ಲಿ ಅದರ ಅರ್ಥವೇನು, ಪಕ್ಕದ ಕ್ಷೇತ್ರದಲ್ಲಿ ಏನು, ಅಳೆಯುವುದು ಹೇಗೆ, ತಪ್ಪು ತಿಳಿದರೆ ಯಾರಿಗೆ ನಷ್ಟ ಎಂದು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ವಕೀಲರಿಗೆ 'ಪೊಸೆಷನ್' ಇದೆ, ವಿಮೆಯವರಿಗೆ 'ಆ್ಯಕ್ಸಿಡೆಂಟ್' ಇದೆ, ಡಾಕ್ಟರುಗಳಿಗೆ 'ಪಾಸಿಟಿವ್' ಇದೆ. ಪದ ಸಂಸ್ಕೃತದ್ದೋ ದೇಸಿಯದೋ ಇಂಗ್ಲಿಷಿನದೋ ಎಂಬ ಜಗಳ ಆಮೇಲೆ ಆಡೋಣ. ಅಂಥ ಐವತ್ತು ಪುಟಗಳು ಸೇರಿದರೆ ಯಾವ ಪದಪಟ್ಟಿಯೂ ಮಾಡದ ಕೆಲಸ ಆಗುತ್ತದೆ. ಮುಂದಿನ ಬಾರಿ ಸೊಸೈಟಿಯ ಸಭೆಯಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ, ಬ್ಯಾಂಕಿನ ಮೇಜಿನ ಮುಂದೆ ನಿಮ್ಮೆದುರು ಯಾರಾದರೂ ಇಂಗ್ಲಿಷ್ ಪದವೊಂದನ್ನು ಉತ್ತರದಂತೆ ಇಟ್ಟರೆ, "ಇಲ್ಲಿ ಅದರ ಅರ್ಥ ಏನು?" ಎಂದು ಕೇಳಿ. ಸಹಿ ಹಾಕುವ ಮೊದಲೇ ಕೇಳಿ.